ಸೀಟು ನೆಲದೊಳಗೆ ಇಳಿದ ಬಗೆ

ಏಳು ಸೀಟಿನ ಗಾಡಿಗೆ ಏಳು ಜನವೂ ಹತ್ತಿದ ಮೇಲೆ ಸಾಮಾನು ಎಲ್ಲಿಡುವುದು? ಕೊನೆಯ ಸಾಲಿನ ಬೆನ್ನಿಗೂ ಹಿಂಬಾಗಿಲಿಗೂ ನಡುವೆ ಉಳಿಯುವುದು ಒಂದೆರಡು ಬ್ಯಾಗು ತುರುಕುವಷ್ಟು ಸಂದಿ. ಜನ ಕಡಿಮೆ ಇದ್ದ ದಿನ ಡಿಕ್ಕಿ ತುಂಬೋಣವೆಂದರೆ ಆ ಸೀಟುಗಳೇ ಅಡ್ಡ. ದೊಡ್ಡ ಕುಟುಂಬದ ಗಾಡಿ ಕಟ್ಟುವವರನ್ನು ಈ ತಕರಾರು ಸುಮಾರು ಅರವತ್ತು ವರ್ಷ ಕಾಡಿತು. ಬುಟ್ಟಿ, ಬಲೆ, ಕೊಕ್ಕೆ ಏನೇ ಜೋಡಿಸಿದರೂ ಇದ್ದ ಜಾಗ ಅಷ್ಟೇ. ಹೊಸ ಜಾಗ ಕೊನೆಗೆ ಸಿಕ್ಕಿದ್ದು ಗಾಡಿಯ ಅಡಿಗೆ ನುಸುಳಿ ನೋಡಿದವರಿಗೆ.

ಕತೆ ಶುರುವಾಗುವುದು 1935ರ ಅಮೆರಿಕದಲ್ಲಿ. ರೈಲ್ವೆ ಸ್ಟೇಷನ್ನಿನಿಂದ ಪ್ರಯಾಣಿಕರನ್ನೂ ಅವರ ಪೆಟ್ಟಿಗೆಗಳನ್ನೂ ಮನೆ ಮುಟ್ಟಿಸಲು ಹುಟ್ಟಿಕೊಂಡಿದ್ದ ಸ್ಟೇಷನ್ ವ್ಯಾಗನ್ನುಗಳಿಗೆ ಆಗ ಹೆಚ್ಚಾಗಿ ಮರದ ಮೈ. ಷೆವರ್ಲೆ ಕಂಪನಿ ಅರ್ಧ ಟನ್ನಿನ ಟ್ರಕ್ಕಿನ ಚಾಸಿಯ ಮೇಲೆ ಉಕ್ಕಿನ ಮೈ ಕೂರಿಸಿ ‘ಸಬರ್ಬನ್ ಕ್ಯಾರಿಆಲ್’ ಎಂದು ಹೆಸರಿಟ್ಟಿತು. ಮುಂದೆ ಮೂವರು, ನಡುವೆ ಇಬ್ಬರು, ಹಿಂದೆ ಮೂವರು. ಬೆಲೆ 675 ಡಾಲರ್. ಸಾಮಾನು ಹೇರಬೇಕಾದಾಗ ಹಿಂದಿನ ಸೀಟು ಬಿಚ್ಚಿ ಕೆಳಗಿಳಿಸಿದರಾಯಿತು. ಆ ಕಾಲಕ್ಕೆ ಇದು ಒಳ್ಳೆಯ ಉಪಾಯವೇ. ಆದರೆ ಬಿಚ್ಚಿದ ಸೀಟು ಮನೆಯಲ್ಲೇ ಉಳಿಯುತ್ತದೆ. ಹೋಗುವಾಗ ಮೂಟೆ, ಬರುವಾಗ ನೆಂಟರು ಎನ್ನುವಂಥ ಪ್ರಯಾಣಕ್ಕೆ ಅದು ಒದಗದು. ಅಚ್ಚರಿಯೆಂದರೆ, ಇದೇ ಸಬರ್ಬನ್ನಿನ 2014ರ ಮಾದರಿಯಲ್ಲೂ ಡಿಕ್ಕಿ ಪೂರ್ತಿ ಸಮತಟ್ಟಾಗಬೇಕಾದರೆ ಮೂರನೆಯ ಸಾಲನ್ನು ಹೀಗೆಯೇ ಎತ್ತಿ ಹೊರಗಿಡಬೇಕಿತ್ತು.

ಕಾರಣ ಹಿಂದಿನ ಆಕ್ಸಲ್. ಟ್ರಕ್ಕಿನ ಹಿಂಚಕ್ರಗಳೆರಡೂ ಎತ್ತಿನ ಗಾಡಿಯ ಅಚ್ಚಿಗೆ ಕಟ್ಟಿದ ಹಾಗೆ ಒಂದೇ ಉಕ್ಕಿನ ಕೊಳವೆಗೆ ಬಿಗಿದುಕೊಂಡಿರುತ್ತವೆ. ಕೊಳವೆಯ ನಡುವೆ, ಎಂಜಿನ್ನಿನ ಶಕ್ತಿಯನ್ನು ಎರಡೂ ಚಕ್ರಕ್ಕೆ ಹಂಚುವ ಡಿಫರೆನ್ಷಿಯಲ್ಲಿನ ದುಂಡನೆಯ ಹೌಸಿಂಗ್. ಹಂಪಿನ ಮೇಲೆ ಚಕ್ರ ಹತ್ತಿದರೆ ಈ ಹೌಸಿಂಗೂ ಸೇರಿ ಇಡೀ ಆಕ್ಸಲ್ ಮೇಲೇಳುತ್ತದೆ. ತುಂಬಿದ ಗಾಡಿ ಗುಂಡಿಗಿಳಿದಾಗ ಅದು ಡಿಕ್ಕಿಯ ತಗಡಿಗೆ ಬಡಿಯಬಾರದಲ್ಲ, ಹಾಗಾಗಿ ಅದರ ಮೇಲೆ ಗೇಣಿನಷ್ಟು ಜಾಗ ಖಾಲಿ ಬಿಡಲೇಬೇಕು. ಆ ಖಾಲಿಯ ಮೇಲೆ ಡಿಕ್ಕಿಯ ನೆಲ, ನೆಲದ ಮೇಲೆ ಸೀಟು. ಕೊನೆಯ ಸಾಲಿನಲ್ಲಿ ಕೂತವರ ಮಂಡಿ ಎದೆಯ ಹತ್ತಿರಕ್ಕೆ ಬರುವುದು ಇದರಿಂದಲೇ. ಸೀಟು ಮಡಚಿದರೂ ಅದು ಇಳಿಯಲು ಕೆಳಗೆ ಆಳವಿಲ್ಲ. ನಮ್ಮ ಬಿಡದಿಯಲ್ಲಿ ತಯಾರಾಗುವ ಇನೋವಾ ಕ್ರಿಸ್ಟಾದ ಹಿಂದೆ ಬಗ್ಗಿ ನೋಡಿ: ಸ್ಟೆಪ್ನಿಯ ಆಚೆ ಈ ಆಕ್ಸಲ್ ಕಾಣುತ್ತದೆ. ಅದಕ್ಕೇ ಅದರ ಕೊನೆಯ ಸೀಟು ಎರಡು ಹೋಳಾಗಿ ಮೇಲಕ್ಕೆದ್ದು, ಅಕ್ಕಪಕ್ಕದ ಕಿಟಕಿಗೆ ಒರಗಿ, ಪಟ್ಟಿಯಲ್ಲಿ ನೇತಾಡುತ್ತದೆ. ಮದುವೆಗೆ ಹೊರಟಾಗ ಪಾತ್ರೆ ಜೋಡಿಸುವವರಿಗೆ ಎರಡೂ ಕಡೆ ಎಷ್ಟು ಅಗಲ ಹೋಯಿತೆಂದು ಚೆನ್ನಾಗಿ ಗೊತ್ತು.

ಮೊದಲ ದಾರಿ ತೋರಿಸಿದ್ದು ಮಿನಿವ್ಯಾನ್. ಫೋರ್ಡ್ ಕಂಪನಿಯಲ್ಲಿದ್ದಾಗ ಹ್ಯಾಲ್ ಸ್ಪರ್ಲಿಕ್ ಮುಂದಿಟ್ಟ ಯೋಚನೆ ಅಲ್ಲಿ ಕೈಗೂಡಲಿಲ್ಲ. ಅವರೂ ಅಲ್ಲಿ ಅವರ ಮೇಲಧಿಕಾರಿಯಾಗಿದ್ದ ಲೀ ಅಯಕೋಕಾ ಅವರೂ ಕ್ರೈಸ್ಲರ್ ಸೇರಿದ ಮೇಲೆ, 1983ರ ನವೆಂಬರಿನಲ್ಲಿ ಕೆನಡಾದ ವಿಂಡ್ಸರ್ ಕಾರ್ಖಾನೆಯಿಂದ ಮೊದಲ ಗಾಡಿ ಹೊರಬಂತು. ಎಂಜಿನ್ ಮುಂಚಕ್ರಗಳನ್ನೇ ತಿರುಗಿಸುವುದರಿಂದ ಹಿಂದೆ ಡಿಫರೆನ್ಷಿಯಲ್ಲೇ ಇಲ್ಲ. ನೆಲ ತಗ್ಗಿತು, ಸಪಾಟಾಯಿತು. ಎಂಟಡಿ ಉದ್ದ, ನಾಲ್ಕಡಿ ಅಗಲದ ಪ್ಲೈವುಡ್ ಹಲಗೆ ಮಟ್ಟಸವಾಗಿ ಮಲಗಬೇಕೆಂಬುದು ಅದರ ವಿನ್ಯಾಸದ ಗುರಿಗಳಲ್ಲಿ ಒಂದು. ಆದರೂ ಸೀಟು ಹೊತ್ತಿಳಿಸುವ ಕೆಲಸ ತಪ್ಪಲಿಲ್ಲ. ಹತ್ತು ಹನ್ನೆರಡು ವರ್ಷದ ನಂತರ ಸೀಟಿನ ಅಡಿಗೆ ಗಾಲಿ ಬಂತು, ಅಷ್ಟೇ.

ಮಿನಿವ್ಯಾನಿನ ಸೀಟನ್ನು ನೆಲದೊಳಗೆ ಇಳಿಸುವ ಯುಕ್ತಿ ಜಪಾನಿನ ಮುಗ್ಗಟ್ಟಿನ ಕಾಲದ ಕೂಸು. 1990ರ ದಶಕದ ಆರಂಭದಲ್ಲಿ ಅಲ್ಲಿನ ಆರ್ಥಿಕತೆ ಕುಸಿದಿತ್ತು. ಹೋಂಡಾದ ಕುನಿಮಿಚಿ ಒಡಗಾಕಿ ಅವರ ತಂಡ ಕುಟುಂಬದ ದೊಡ್ಡ ಗಾಡಿ ಮಾಡಬೇಕಿತ್ತು, ಹೊಸ ಕಾರ್ಖಾನೆಗೆ ಮಾತ್ರ ಹಣವಿರಲಿಲ್ಲ. ಸೆಡಾನ್ ಕಾರು ತಯಾರಾಗುವ ಲೈನಿನಲ್ಲೇ ಇದೂ ಹಾಯಬೇಕು, ಅಂದರೆ ಎತ್ತರ ಹೆಚ್ಚಿಸುವಂತಿಲ್ಲ. ಮೇಲೆ ಬೆಳೆಯಲು ಬಿಡದಿದ್ದಾಗ ಅವರು ಕೆಳಗೆ ಹುಡುಕಿದರು. ಹಿಂಚಕ್ರಗಳ ಸಸ್ಪೆನ್ಷನ್ನನ್ನು ಗಿಡ್ಡವಾಗಿ, ಒತ್ತಾಗಿ ಮಾಡಿದರು. ಸಾಮಾನ್ಯವಾಗಿ ಡಿಕ್ಕಿಯ ಅಡಿಯನ್ನು ನುಂಗುವ ಸ್ಟೆಪ್ನಿಯನ್ನು ಎತ್ತಿ ಪಕ್ಕದ ಗೋಡೆಯೊಳಗೆ ನಿಲ್ಲಿಸಿದರು. ಹಿಂದೆ ಒಂದು ತೊಟ್ಟಿ ಬಿಡುವಾಯಿತು. 1994ರ ಅಕ್ಟೋಬರಿನಲ್ಲಿ ಬಂದ ಒಡಿಸ್ಸಿಯ ಮೂರನೆಯ ಸಾಲು ಹಿಂದಕ್ಕೆ ಮಗುಚಿ ಆ ತೊಟ್ಟಿಯೊಳಗೆ ಕೂತರೆ ಮೇಲೆ ಸಪಾಟು ನೆಲ. ಸೀಟು ಎದ್ದು ನಿಂತಾಗ ಅದೇ ತೊಟ್ಟಿ ಬ್ಯಾಗುಗಳನ್ನು ನಿಲ್ಲಿಸಿಡುವ ಆಳವಾದ ಡಿಕ್ಕಿ. ಸೀಟಿಗೂ ಸಾಮಾನಿಗೂ ಒಂದೇ ಹಳ್ಳ, ಸರದಿಯ ಮೇಲೆ. ಈ ಇಡೀ ಚರಿತ್ರೆಯಲ್ಲಿ ನನಗೆ ತುಂಬ ಹಿಡಿಸಿದ ಹೊಳಹು ಇದು. ಕಾರ್ಖಾನೆಯ ಸೂರು ಇನ್ನಷ್ಟು ಎತ್ತರವಿದ್ದಿದ್ದರೆ ಇದು ಹೊಳೆಯುತ್ತಿತ್ತೋ ಇಲ್ಲವೋ.

ಆದರೆ ಅದು ಮುಂಚಕ್ರ ತಿರುಗಿಸುವ ಹಗುರ ಗಾಡಿ. ದೋಣಿಯನ್ನೋ ಟ್ರೈಲರನ್ನೋ ಎಳೆಯುವ ಭಾರಿ ಎಸ್‌ಯುವಿಗೆ ಚಾಸಿಯೂ ಬೇಕು, ಹಿಂಚಕ್ರಕ್ಕೆ ಶಕ್ತಿಯೂ ಬೇಕು. ಫೋರ್ಡ್ ತನ್ನ 2002ರ ಎಕ್ಸ್‌ಪ್ಲೋರರಿನಲ್ಲಿ ಆಕ್ಸಲ್ಲನ್ನು ಮುರಿದು ಕಟ್ಟಿತು. ಡಿಫರೆನ್ಷಿಯಲ್ಲನ್ನು ಚಾಸಿಗೇ ಬೋಲ್ಟು ಹಾಕಿದ ಮೇಲೆ ಕುಣಿಯುವುದು ಚಕ್ರ ಮಾತ್ರ. ಅಲ್ಲಿಂದ ಎರಡೂ ಚಕ್ರಗಳಿಗೆ ಹೋಗುವ ಶಾಫ್ಟುಗಳಿಗೆ ಚಾಸಿಯ ಉದ್ದುದ್ದ ತೊಲೆಗಳು ಅಡ್ಡ ಬಂದವು. ತೊಲೆಯನ್ನು ಶಾಫ್ಟಿನ ಮೇಲೆ ಹಾಯಿಸಿದರೆ ಡಿಕ್ಕಿಯ ನೆಲ ಮತ್ತೆ ಎತ್ತರ, ಕೆಳಗೆ ಹಾಯಿಸಿದರೆ ರಸ್ತೆಗೆ ತಗಲುವ ಭಯ. ಅವರು ತೊಲೆಗೇ ತೂತು ಕೊರೆದು ಶಾಫ್ಟನ್ನು ಅದರೊಳಗಿಂದ ತೂರಿಸಿದರು. ಗಾಡಿಯ ಭಾರವನ್ನೆಲ್ಲ ಹೊತ್ತ ತೊಲೆಗೆ ತೂತೇ ಎಂದು ಗಾಬರಿಯಾಗಬಹುದು. ಆದರೆ ತೊಲೆ ಬಾಗುವಾಗ ಒತ್ತಡ ಹೆಚ್ಚು ಬೀಳುವುದು ಅದರ ಮೇಲಂಚಿಗೆ ಮತ್ತು ಕೆಳಂಚಿಗೆ, ನಡುಭಾಗಕ್ಕೆ ಕಡಿಮೆ. ಮರುವರ್ಷದ ಮಾದರಿಯಾದ ದೊಡ್ಡ ಎಕ್ಸ್‌ಪೆಡಿಷನ್ನಿನಲ್ಲೂ ಇದೇ ತಂತ್ರ. ಅದರ ಮೂರನೆಯ ಸಾಲು ಮಡಚಿ ನೆಲದೊಳಗೆ ಸೇರಿಕೊಂಡಿತು. ಬಟನ್ ಒತ್ತಿದರೆ ತಾನೇ ಮಡಚಿಕೊಳ್ಳುವ ಏರ್ಪಾಡನ್ನೂ ಕೊಟ್ಟರು.

ನಡುವಿನ ಸಾಲು ಇನ್ನೂ ಕಷ್ಟ. ಅದರ ಅಡಿಯಲ್ಲಿ ಪೆಟ್ರೋಲ್ ಟ್ಯಾಂಕು, ಸೈಲೆನ್ಸರಿನ ಕೊಳವೆ, ಹ್ಯಾಂಡ್‌ಬ್ರೇಕಿನ ಕೇಬಲ್ಲು, ಹಿಂದಿನ ಏಸಿಯ ಪೈಪುಗಳೆಲ್ಲ ಹಾದುಹೋಗುತ್ತವೆ. ಕ್ರೈಸ್ಲರಿನವರು ತಮ್ಮ ಮಿನಿವ್ಯಾನಿನ 2005ರ ಮಾದರಿಗಾಗಿ ಇದಕ್ಕೆ ಕೈಹಾಕಿದರು. ಯಾವುದನ್ನು ಎತ್ತ ಸರಿಸಿದರೆ ಯಾವುದಕ್ಕೆ ತಾಗುತ್ತದೆ ಎಂದು ಕಣ್ಣಾರೆ ಕಾಣಲು ವಿನ್ಯಾಸಕಾರರು ಮಕ್ಕಳ ಎರೆಕ್ಟರ್ ಸೆಟ್ ತಂದಿಟ್ಟುಕೊಂಡರಂತೆ: ತೂತಿರುವ ಲೋಹದ ಪಟ್ಟಿಗಳನ್ನು ನಟ್ಟು ಬೋಲ್ಟಿನಿಂದ ಜೋಡಿಸಿ ಯಂತ್ರ ಕಟ್ಟುವ ಆಟಿಕೆ ಅದು.  ಹದಿನೆಂಟು ತಿಂಗಳು, 40 ಕೋಟಿ ಡಾಲರ್. ಟ್ಯಾಂಕು, ಸೈಲೆನ್ಸರು, ಸ್ಟೆಪ್ನಿಯ ಗುಂಡಿ, ಹಿಂದಿನ ಸಸ್ಪೆನ್ಷನ್ ಎಲ್ಲವನ್ನೂ ಮರುವಿನ್ಯಾಸ ಮಾಡಬೇಕಾಯಿತು. ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಮಾದರಿಯನ್ನು ಕೈಬಿಡಬೇಕಾಯಿತು, ಹಿಂಚಕ್ರಕ್ಕೆ ಶಕ್ತಿ ಒಯ್ಯುವ ಶಾಫ್ಟಿಗೆ ಜಾಗ ಉಳಿಯಲಿಲ್ಲ. ತೊಟ್ಟಿಗೆ ಹಿಡಿಸಲೆಂದು ಸೀಟಿನ ಮೆತ್ತೆ ತೆಳುವಾಯಿತು. ದೂರದ ಪ್ರಯಾಣದಲ್ಲಿ ಸೊಂಟ ನೋಯುತ್ತದೆಂಬ ದೂರು ಬಂತು, ಅದು ನ್ಯಾಯವಾದ ದೂರು. ಆದರೂ ‘ಸ್ಟೋ ಎನ್ ಗೋ’ ಎಂದು ಹೆಸರಾದ ಈ ಏರ್ಪಾಡಿನಲ್ಲಿ ಹಿಂದಿನ ಎರಡು ಸಾಲನ್ನೂ ಗಾಡಿಯಿಂದ ಹೊರಗೆ ಇಳಿಸದೆ ಮರೆಮಾಡಬಹುದಿತ್ತು. ಸೀಟು ಮೇಲಿದ್ದಾಗ ಆ ತೊಟ್ಟಿಗಳಲ್ಲಿ ಒಟ್ಟು ಸುಮಾರು 340 ಲೀಟರಿನಷ್ಟು ಸಾಮಾನು ಹಿಡಿಸುತ್ತಿತ್ತು. ಮಕ್ಕಳ ಬೂಟು, ನೀರಿನ ಕ್ಯಾನು, ಒದ್ದೆ ಬಟ್ಟೆ ಎಲ್ಲಕ್ಕೂ ಮುಚ್ಚಳವಿರುವ ಜಾಗ.

ಈ ಬದಲಾವಣೆಗೆ ತಡವಾಗಿ ಒಪ್ಪಿದವರು ಕತೆಯನ್ನು ಶುರು ಮಾಡಿದ ಷೆವರ್ಲೆಯವರೇ. 2015ರ ಸಬರ್ಬನ್ ಮತ್ತು ಅದರ ತಮ್ಮನಂತಿರುವ ತಾಹೋ ಗಾಡಿಗಳಲ್ಲಿ ಮೂರನೆಯ ಸಾಲು ಮಡಚುವಂತಾಯಿತು, ಆದರೆ ಆಕ್ಸಲ್ ಹಳೆಯದೇ. ಮಡಚಿದ ಸೀಟಿಗೆ ಸಮನಾಗಲೆಂದು ಡಿಕ್ಕಿಯ ನೆಲವನ್ನೇ ಎತ್ತರಿಸಿದರು. ಸಪಾಟಾಯಿತು ನಿಜ, ಒಳಗಿನ ಜಾಗ ಕುಗ್ಗಿತು. 2021ರ ಮಾದರಿಗೆ ಹಳೆಯ ಆಕ್ಸಲ್ ಬಿಟ್ಟರು. ತಾಹೋದಲ್ಲಿ ಮೂರನೆಯ ಸಾಲಿನ ಹಿಂದಿನ ಜಾಗ 433 ಲೀಟರಿನಿಂದ 722 ಲೀಟರಿಗೆ ಏರಿತು. ಗಾಡಿಯೂ ಉದ್ದವಾಗಿದ್ದರಿಂದ ಪೂರ್ತಿ ಶ್ರೇಯಸ್ಸು ಆಕ್ಸಲ್ಲಿಗೆ ಸಲ್ಲದು. ಲೀಟರಿನ ಲೆಕ್ಕಕ್ಕಿಂತ ನಾನು ಹೆಚ್ಚು ಬೆಲೆ ಕೊಡುವುದು ನೆಲ ತಗ್ಗಿದ್ದಕ್ಕೆ. ಭಾರದ ಪೆಟ್ಟಿಗೆ ಕೆಳಗೆ, ಸೀಟಿನ ಬೆನ್ನಿಗೆ ಒತ್ತಿಕೊಂಡು ಕೂತರೆ ದಿಢೀರ್ ಬ್ರೇಕಿಗೆ ಅದು ಜಾರಲು ದಾರಿಯಿಲ್ಲ. ಎತ್ತರದ ನೆಲದ ಮೇಲೆ ಅದೇ ಪೆಟ್ಟಿಗೆ ಸೀಟಿನ ತಲೆಮಟ್ಟ ದಾಟುತ್ತದೆ, ಕೊನೆಯ ಸಾಲಿನಲ್ಲಿ ಕೂರುವವರು ಬಹುಪಾಲು ಮಕ್ಕಳು. ಸಾಮಾನು ಜೋಡಿಸುವವರು ಮೊದಲು ನೋಡಬೇಕಾದದ್ದು ಇದನ್ನು.

ಬಿಡದಿಗೂ ಈ ಬದಲಾವಣೆ ಬಂದಿದೆ. 2022ರಲ್ಲಿ ಅನಾವರಣಗೊಂಡ ಇನೋವಾ ಹೈಕ್ರಾಸ್ ಮುಂಚಕ್ರ ತಿರುಗಿಸುವ, ಟ್ರಕ್ಕಿನ ಚಾಸಿಯಿಲ್ಲದ ಗಾಡಿ. ಅದರ ಕೊನೆಯ ಸೀಟು ಕಿಟಕಿಗೆ ಒರಗದೆ ನೆಲದ ಮಟ್ಟಕ್ಕೆ ಮಡಚಿಕೊಳ್ಳುತ್ತದೆ. ಅತ್ತ ಕ್ರೈಸ್ಲರ್ ತನ್ನ ಪಸಿಫಿಕಾ ಮಿನಿವ್ಯಾನಿನ ಹೈಬ್ರಿಡ್ ಮಾದರಿ ಮಾಡುವಾಗ 16 ಕಿಲೋವ್ಯಾಟ್ ಅವರ್ ಬ್ಯಾಟರಿಗೆ ಜಾಗ ಹುಡುಕಬೇಕಾಯಿತು. ಸಿಕ್ಕಿದ್ದು ನಡುವಿನ ಸಾಲಿನ ಅಡಿಯ ಅದೇ ತೊಟ್ಟಿಗಳು. ಹೀಗಾಗಿ ಆ ಮಾದರಿಯಲ್ಲಿ ನಡುವಿನ ಸೀಟು ಬೇಡವೆಂದರೆ ಮೊದಲ ಮಿನಿವ್ಯಾನುಗಳ ಕಾಲದಲ್ಲಿ ಮಾಡುತ್ತಿದ್ದಂತೆ ಬಿಚ್ಚಿ ಗ್ಯಾರೇಜಿನಲ್ಲಿ ಇಟ್ಟು ಹೊರಡಬೇಕು.