ರಕ್ತದ ಚೀಲ ಮೆತ್ತಗಾದ ಕಥೆ

ಅಮೆರಿಕದ ಬಾಲ್ಟಿಮೋರ್. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ರುಡಾಲ್ಫ್ ಜೇಗರ್ ಮತ್ತು ರಾಬರ್ಟ್ ರೂಬಿನ್ ಇಲಿಯ ಪಿತ್ತಜನಕಾಂಗವನ್ನು ಹೊರತೆಗೆದು, ಅದರೊಳಗೆ ರಕ್ತ ಹರಿಸಿ ಪ್ರಯೋಗ ಮಾಡುತ್ತಿದ್ದರು. ತಾವು ಬೆರೆಸದ ವಸ್ತುವೊಂದು ಅಲ್ಲಿ ಕಾಣಿಸಿತು. ಜಾಡು ಹಿಡಿದು ಹೋದರೆ ಅದು ರಕ್ತ ಹರಿಯುತ್ತಿದ್ದ ಪ್ಲಾಸ್ಟಿಕ್ ಕೊಳವೆಯದೇ ಅಂಶ: ಡಿಇಎಚ್‌ಪಿ. ಬ್ಲಡ್ ಬ್ಯಾಂಕಿನ ಚೀಲಗಳಲ್ಲಿಟ್ಟ ರಕ್ತದಲ್ಲೂ ಅದು ಸಿಕ್ಕಿತು. 1970ರಲ್ಲಿ ಇಬ್ಬರೂ ಇದನ್ನು ಪ್ರಕಟಿಸಿದರು.

ಆ ಕೊಳವೆ, ಚೀಲಗಳ ಪ್ಲಾಸ್ಟಿಕ್ಕಾದ ಪಿವಿಸಿ ಹುಟ್ಟಾ ಗಟ್ಟಿ. 1926ರಲ್ಲಿ ಗುಡ್‌ರಿಚ್ ಕಂಪನಿಯ ವಾಲ್ಡೊ ಸೆಮನ್ ಲೋಹಕ್ಕೆ ರಬ್ಬರ್ ಅಂಟಿಸುವ ಅಂಟು ಹುಡುಕುತ್ತ, ಪಿವಿಸಿಯನ್ನು ದ್ರಾವಕದಲ್ಲಿ ಕಾಯಿಸಿದಾಗ ಅದು ರಬ್ಬರಿನಂತೆ ಬಾಗತೊಡಗಿತು. ಡಿಇಎಚ್‌ಪಿಯಂಥ ಪ್ಲಾಸ್ಟಿಸೈಸರ್ ಮಾಡುವ ಕೆಲಸ ಇದೇ: ಉದ್ದನೆಯ ಅಣುಸರಪಳಿಗಳ ನಡುವೆ ನುಸುಳಿ ಅವು ಜಾರುವಂತೆ ಮಾಡುವುದು. ಆದರೆ ಅದು ಸರಪಳಿಗೆ ರಾಸಾಯನಿಕವಾಗಿ ಬೆಸೆದುಕೊಳ್ಳುವುದಿಲ್ಲ. ಕೊಬ್ಬಿನಂಶವಿರುವ ದ್ರವ ತಾಗಿದರೆ ಹೊರಬರುತ್ತದೆ. ರಕ್ತದಲ್ಲಿ ಕೊಬ್ಬಿದೆ; ಚೀಲದ ತೂಕದಲ್ಲಿ ಮೂರನೇ ಒಂದು ಭಾಗದಷ್ಟು ಡಿಇಎಚ್‌ಪಿಯೇ ಇರುತ್ತದೆ.

ಆ ಚೀಲವನ್ನು ರೂಪಿಸಿದ ಬಾಸ್ಟನ್ನಿನ ಶಸ್ತ್ರವೈದ್ಯ ಕಾರ್ಲ್ ವಾಲ್ಟರ್ ಮತ್ತು ವಿಲಿಯಂ ಮರ್ಫಿ ಜೂನಿಯರ್ ಅವರನ್ನು ದೂರುವಂತಿಲ್ಲ. ಅದಕ್ಕೂ ಮೊದಲು ರಕ್ತ ತುಂಬುತ್ತಿದ್ದ ಗಾಜಿನ ಬಾಟಲಿ ಒಡೆಯುತ್ತಿತ್ತು, ಅದರಿಂದ ರಕ್ತನಾಳಕ್ಕೆ ಗಾಳಿ ನುಗ್ಗುವ ಅಪಾಯವಿತ್ತು. ಚೀಲ ಕೊರಿಯಾ ಯುದ್ಧದಲ್ಲಿ ತನ್ನ ಉಪಯೋಗ ತೋರಿಸಿತು. ಒಬ್ಬರ ರಕ್ತವನ್ನು ಸೋಂಕು ತಾಗದಂತೆ ಕೆಂಪುಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಎಂದು ಬೇರ್ಪಡಿಸಲು ದಾರಿಯಾಯಿತು. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆ ಇದೇ ಚೀಲದ ತಂತ್ರಜ್ಞಾನವನ್ನು ನಮ್ಮಲ್ಲೇ ಬೆಳೆಸಿತು.

ಕಥೆಯ ನಿಜವಾದ ತಿರುವು ಮುಂದಿದೆ. ಚೀಲದಿಂದ ಸೋರುವ ಡಿಇಎಚ್‌ಪಿ ಕೆಂಪುಕಣದ ಪೊರೆಯೊಳಗೆ ಸೇರಿ ಅದು ಒಡೆಯದಂತೆ ಕಾಯುತ್ತದೆ ಎಂಬುದು ಬೆಳಕಿಗೆ ಬಂತು. ಕೆಂಪುಕಣಗಳನ್ನು 42 ದಿನ ಕಾಪಿಡುವುದರಲ್ಲಿ ಅದರ ಪಾಲೂ ಇದೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಹಾನಿ ತೋರಿಸಿ, ದೂರವಿಡಬೇಕೆನಿಸಿದ ವಸ್ತುವೇ ರಕ್ತದ ಕಾವಲಿಗೂ ನಿಂತಿತ್ತು.

ಆದ್ದರಿಂದ ಬದಲಿ ವಸ್ತುಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು. ಟಿಒಟಿಎಂ ಅಣು ದೊಡ್ಡದು, ಬಹಳ ನಿಧಾನವಾಗಿ ಸೋರುತ್ತದೆ. ಕೊಳವೆಗೆ, ಪ್ಲೇಟ್‌ಲೆಟ್ ಚೀಲಕ್ಕೆ ಒಗ್ಗುತ್ತದೆ. ಆದರೆ ಕೆಂಪುಕಣಕ್ಕೆ ಅದರ ಆಸರೆ ಇಲ್ಲ. ಸಿಟ್ರಿಕ್ ಆಮ್ಲದಿಂದ ಬಂದ ಬಿಟಿಎಚ್‌ಸಿ ಕೆಂಪುಕಣವನ್ನೂ ಚೆನ್ನಾಗಿಯೇ ಕಾಯುತ್ತದೆ, ಆದರೆ ಬೆಲೆ ಹೆಚ್ಚು. 2002ರಲ್ಲಿ ಬಿಎಎಸ್‌ಎಫ್ ತಂದ ಡಿಂಚ್‌ನಲ್ಲಿ ಡಿಇಎಚ್‌ಪಿಯಂಥ ಥ್ಯಾಲೇಟ್‌ಗಳಲ್ಲಿರುವ ಬೆಂಜೀನ್ ಉಂಗುರವೇ ಇಲ್ಲ. ಅದನ್ನು ಬಳಸುವಾಗ ಕೆಂಪುಕಣ ಕಾಪಿಡುವ ದ್ರಾವಣವನ್ನೂ ತಕ್ಕಂತೆ ಆರಿಸಬೇಕು.

ಆಟಿಕೆಯಲ್ಲಿ ಇಂಥ ಯಾವ ಇಕ್ಕಟ್ಟೂ ಇಲ್ಲ. ಮಗು ಬಾಯಿಗಿಡುವ ಗೊಂಬೆಯಲ್ಲಿ ಡಿಇಎಚ್‌ಪಿ ಯಾವ ಜೀವವನ್ನೂ ಉಳಿಸುವುದಿಲ್ಲ. ಯುರೋಪ್ 1999ರಲ್ಲೇ ತಡೆ ಹಾಕಿತು. ಅಮೆರಿಕ 2008ರಲ್ಲಿ ಶೇ 0.1ರ ಮಿತಿ ವಿಧಿಸಿತು.

ನನ್ನ ಸಿಟ್ಟು ಇರುವುದು ನವಜಾತ ಶಿಶುಗಳ ವಾರ್ಡಿನ ಬಗ್ಗೆ. ಅವಧಿಗೆ ಮುನ್ನ ಹುಟ್ಟಿದ ಕೂಸಿಗೆ ಏಕಕಾಲಕ್ಕೆ ಹಲವು ಕೊಳವೆಗಳು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಗಂಡುಮರಿಗಳ ವೃಷಣದ ಬೆಳವಣಿಗೆಗೆ ಡಿಇಎಚ್‌ಪಿ ಧಕ್ಕೆ ತಂದದ್ದು ಗೊತ್ತಿದ್ದೂ ಅಮೆರಿಕದ ಎಫ್‌ಡಿಎ ಆಸ್ಪತ್ರೆಗಳಿಗೆ ಎಚ್ಚರಿಕೆ ಕೊಟ್ಟದ್ದು 2002ರಲ್ಲಿ. ಜೇಗರ್, ರೂಬಿನ್ ಹೇಳಿ ಆಗಲೇ 32 ವರ್ಷ ಕಳೆದಿತ್ತು. ರಕ್ತದ ಚೀಲ ಬದಲಿಸಲು ಪರೀಕ್ಷೆಗಳು ಬೇಕು, ಅಲ್ಲಿ ತಾಳ್ಮೆ ಸಲ್ಲುತ್ತದೆ. ಕೂಸಿನ ಮೂಗಿಗೆ ಹಾಕುವ ಕೊಳವೆ ಬದಲಿಸಲು ಕಾಯಬೇಕಾದ್ದೇನೂ ಇಲ್ಲ. ಕೊಳವೆ ಕೊಳ್ಳುವಾಗ ಅದನ್ನು ಮೆತ್ತಗೆ ಮಾಡಿದ್ದು ಏನೆಂದು ಪ್ರತಿ ಆಸ್ಪತ್ರೆಯೂ ಟೆಂಡರಿನಲ್ಲೇ ಕೇಳಲಿ. ಉತ್ತರ ಡಿಇಎಚ್‌ಪಿ ಎಂದಾದರೆ ಆ ಸರಕನ್ನು ಮಕ್ಕಳ ವಾರ್ಡಿಗೆ ಬಿಟ್ಟುಕೊಳ್ಳದಿರಲಿ.