ಊರ ನಡುವಿನ ಬಯಲು

ಮನೆಯ ನಡತೆ ಹೊಸ್ತಿಲಲ್ಲಿಯೇ ತಿಳಿಯುವಂತೆ ಊರಿನ ನಡತೆ ಅದರ ನಡುವಿನ ಬಯಲಿನಲ್ಲಿ ತಿಳಿಯುತ್ತದೆ. ಅಥೆನ್ಸಿನ ಜನ ತಮ್ಮ ‘ಅಗೋರ’ದಲ್ಲಿ ಸರಕನ್ನೂ ಮಾರಿದರು, ಸಾಕ್ರೆಟೀಸನ ಮಾತನ್ನೂ ಕೇಳಿದರು. ರೋಮಿನವರು ತಮ್ಮ ‘ಫೋರಮ್ಮಿ’ನಲ್ಲಿ ನ್ಯಾಯವನ್ನೂ ರಾಜಕಾರಣವನ್ನೂ ನಡೆಸಿದರು. ನಮ್ಮ ಕಡೆಯ ಊರುಗಳಲ್ಲಿ ಇಂತಹ ಚೌಕಗಳನ್ನು ಯಾವ ಶಿಲ್ಪಿಯೂ ಗೆರೆಯೆಳೆದು ನಿರ್ಮಿಸಲಿಲ್ಲ. ಅಗಸಿಯ ಬಾಗಿಲು, ಹನುಮಪ್ಪನ ಗುಡಿ, ಬೇವಿನ ಮರದ ಕಟ್ಟೆ, ಸಂತೆಯ ಬಯಲು ಇವು ಕೂಡಿದಲ್ಲಿ ಚೌಕವು ತಾನಾಗಿ ಮೈದಳೆಯಿತು. ಆದುದರಿಂದಲೇ ಅದು ಜನಜೀವನದ ನಿಜವಾದ ಕನ್ನಡಿ.

ಕೊಪ್ಪಳದ ಮುಖ್ಯ ಕೂಡುದಾಣಕ್ಕೆ ಅಶೋಕ ವೃತ್ತವೆಂದು ಹೆಸರು. ಈ ಹೆಸರು ಬರಿಯ ಅಲಂಕಾರವಲ್ಲ. ಊರಿಗೆ ಹೊಂದಿದ ಗವಿಮಠದ ಬೆಟ್ಟದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಆ ಚಕ್ರವರ್ತಿಯ ಶಾಸನಗಳು 1931ರಲ್ಲಿ ಬೆಳಕಿಗೆ ಬಂದವು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಇದೇ ಕೊಪಣ ನಗರವನ್ನು ತಿರುಳ್ಗನ್ನಡದ ನೆಲೆಗಳಲ್ಲಿ ಒಂದೆಂದು ಎಣಿಸಿದೆ. ಇಷ್ಟು ಪ್ರಾಚೀನವಾದ ಊರಿನ ವೃತ್ತದಲ್ಲಿ ಇಂದು ಕಾಣುವುದು ಆಟೋಗಳ ಸಾಲು, ಹಣ್ಣಿನ ಗಾಡಿಗಳು, ಕಚೇರಿಗೆ ಮನವಿ ಹೊತ್ತು ಬಂದ ಹಳ್ಳಿಗರು. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳವು ಜಿಲ್ಲೆಯ ತಲೆಯೂರಾದ ಬಳಿಕ, ಸುತ್ತಣ ತಾಲ್ಲೂಕುಗಳ ಅಹವಾಲುಗಳೆಲ್ಲ ಇಲ್ಲಿಗೇ ಬಂದು ನಿಲ್ಲುತ್ತವೆ.

ಗಂಗಾವತಿಯ ಚಹರೆಯೇ ಬೇರೆ. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಇಳಿದ ಮೇಲೆ ಜೋಳದ ನೆಲವು ಭತ್ತದ ಕಣಜವಾಯಿತು. ಆಂಧ್ರದ ಕರಾವಳಿಯಿಂದ ಬಂದ ಒಕ್ಕಲಿಗರು ನೆಲೆನಿಂತ ಊರುಗಳ ಹೆಸರಿಗೆ ಇಂದಿಗೂ ‘ಕ್ಯಾಂಪ್’ ಎಂಬ ಬಾಲವಿದೆ. ಇಲ್ಲಿಯ ಶ್ರೀಕೃಷ್ಣದೇವರಾಯ ವೃತ್ತವು ಹತ್ತಿರದ ಆನೆಗೊಂದಿಯ ಗತವೈಭವವನ್ನು ನೆನಪಿಸುವುದೇನೋ ದಿಟ. ಆದರೆ ಅಲ್ಲಿ ಕಿವಿಗೆ ಬೀಳುವುದು ಅಕ್ಕಿಯ ಧಾರಣೆ, ಲಾರಿಗಳ ಸದ್ದು, ಕನ್ನಡದೊಡನೆ ತೆಲುಗು ಉರ್ದುಗಳ ಬೆರಕೆ ಮಾತು. ಜಿಲ್ಲೆಯ ಮುಖ್ಯ ಪಟ್ಟಣಕ್ಕಿಂತಲೂ ಜನಸಂಖ್ಯೆಯಲ್ಲಿ ದೊಡ್ಡದಾದ ಈ ಊರು, ತನ್ನ ಸಮೃದ್ಧಿಯನ್ನು ಚೌಕದ ಗದ್ದಲದಲ್ಲಿಯೇ ಸಾರುತ್ತದೆ.

ಉತ್ತರಕ್ಕೆ ಸಾಗಿ ಕುಷ್ಟಗಿ, ಯಲಬುರ್ಗಾಗಳನ್ನು ಕಂಡರೆ ಕಾಲುವೆಯಿಲ್ಲದ ನಾಡಿನ ಕಥೆ ತಿಳಿಯುತ್ತದೆ. ಮಳೆ ಕೈಕೊಟ್ಟ ವರ್ಷ ಇಲ್ಲಿಯ ಬಸ್ ನಿಲ್ದಾಣವೇ ದೊಡ್ಡ ಚೌಕ. ಗೋವೆಗೋ ಮಂಗಳೂರಿಗೋ ಬೆಂಗಳೂರಿಗೋ ಗುಳೆ ಹೊರಟ ಕುಟುಂಬಗಳು ಗಂಟುಮೂಟೆಗಳೊಡನೆ, ಮಡಿಲ ಕೂಸುಗಳೊಡನೆ ಅಲ್ಲಿ ಕಾದಿರುತ್ತವೆ. ಕುಷ್ಟಗಿಯ ಒಂದು ವೃತ್ತಕ್ಕೆ ರಾಜನ ಹೆಸರಿಲ್ಲ, ಮಂತ್ರಿಯ ಹೆಸರಿಲ್ಲ; ಕಾರ್ಗಿಲ್ ಯುದ್ಧದಲ್ಲಿ ಪ್ರಾಣ ತೆತ್ತ ಯೋಧ ಮಲ್ಲಯ್ಯನ ಹೆಸರಿದೆ. ಬಡ ನಾಡು ತನ್ನ ಮಗನನ್ನು ನೆನೆಯುವ ಬಗೆ ಇದು. ಯಲಬುರ್ಗಾ ಒಂದು ಕಾಲಕ್ಕೆ ‘ಎರಂಬರಗೆ’ಯೆನಿಸಿ ಸಿಂದ ಅರಸರ ರಾಜಧಾನಿಯಾಗಿತ್ತು. ಇಂದು ಅಲ್ಲಿ ಅರಸುತನದ ಸುಳಿವಿಲ್ಲ. ಸಂತೆಯ ದಿನ ಮೆಣಸಿನಕಾಯಿ, ಉಳ್ಳಾಗಡ್ಡಿ, ಕುರಿಮರಿಗಳ ನಡುವೆ ರೈತನೇ ಅರಸು.

ಈ ನಾಲ್ಕೂ ಊರುಗಳ ಬಯಲುಗಳಿಗೆ ಸಮಾನವಾದ ಇತಿಹಾಸವೊಂದುಂಟು. ನಿಜಾಮನ ಆಳ್ವಿಕೆಯಲ್ಲಿ ಸರಕಾರದ ಮುಂಚಿತ ಅನುಮತಿಯಿಲ್ಲದೆ ಸಾರ್ವಜನಿಕ ಸಭೆ ನಡೆಸುವಂತಿರಲಿಲ್ಲ. ಬಯಲಿತ್ತು, ಬಾಯಿಗೆ ಬೀಗವಿತ್ತು. ಆದುದರಿಂದ 1947–48ರಲ್ಲಿ ಇಲ್ಲಿಯ ತರುಣರು ಗಡಿ ದಾಟಿ ಮುಂಡರಗಿ, ಗಜೇಂದ್ರಗಡಗಳ ಶಿಬಿರಗಳಿಗೆ ಹೋಗಬೇಕಾಯಿತು. ಮುಂಡರಗಿಯ ಶಿಬಿರಕ್ಕೆ ಅಳವಂಡಿಯ ಶಿವಮೂರ್ತಿಸ್ವಾಮಿಗಳು ಮುಂದಾಳಾದರು. 1948ರ ಸೆಪ್ಟೆಂಬರ್ 17ರಂದು ವಿಮೋಚನೆಯಾದಾಗ ಜನರಿಗೆ ದೊರೆತದ್ದು ಧ್ವಜವೊಂದೇ ಅಲ್ಲ. ತಮ್ಮ ಊರಿನ ನಡುವೆ ನಿಂತು ಗಟ್ಟಿಯಾಗಿ ಮಾತನಾಡುವ ಹಕ್ಕು. ಆ ಹಕ್ಕಿನ ಬೆಲೆ 2025ರ ಫೆಬ್ರವರಿ 24ರಂದು ಮತ್ತೆ ಕಂಡಿತು. ಉಕ್ಕಿನ ಕಾರ್ಖಾನೆಯೊಂದರ ವಿಸ್ತರಣೆಯಿಂದ ಹೊಗೆ ಧೂಳು ಇನ್ನಷ್ಟು ಹೆಚ್ಚೀತೆಂಬ ಆತಂಕದಿಂದ ಕೊಪ್ಪಳವೆಲ್ಲ ಅಂಗಡಿ ಮುಚ್ಚಿ ಬೀದಿಗಿಳಿಯಿತು; ಗವಿಮಠದ ಸ್ವಾಮಿಗಳೂ ಆ ಜನಸ್ತೋಮದೊಡನೆ ನಿಂತರು.

ಕನ್ನಡಿಯು ಚೆಲುವನ್ನೂ ತೋರಿಸುತ್ತದೆ, ಕಲೆಯನ್ನೂ ತೋರಿಸುತ್ತದೆ. ಮೊಹರಮ್ಮಿನ ರಾತ್ರಿ ಈ ಸೀಮೆಯ ಹಳ್ಳಿಗಳಲ್ಲಿ ಅಲಾಯಿ ಕುಣಿಯ ಸುತ್ತ ಹಿಂದೂ ಮುಸಲ್ಮಾನರಿಬ್ಬರೂ ಹೆಜ್ಜೆ ಹಾಕುತ್ತಾರೆ. ಗವಿಮಠದ ಜಾತ್ರೆಯ ತೇರಿನ ಬಯಲಿನಲ್ಲಿ ಲಕ್ಷಾಂತರ ಜನ ಒಂದೇ ಪಂಕ್ತಿಯ ದಾಸೋಹದಲ್ಲಿ ಉಣ್ಣುತ್ತಾರೆ. ಇದು ಚೆಲುವು. ಕಲೆಯನ್ನೂ ಮರೆಮಾಚಬಾರದು. 2021ರ ಸೆಪ್ಟೆಂಬರಿನಲ್ಲಿ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ, ತಂದೆಯು ಹನುಮಪ್ಪನ ಗುಡಿಯ ಹೊರಗೆ ನಿಂತು ಕೈಮುಗಿಯುತ್ತಿರುವಾಗ, ದಲಿತ ಕುಟುಂಬದ ಎರಡು ವರ್ಷದ ಮಗು ಒಳಗೆ ಓಡಿತು. ಗುಡಿಯ ಶುದ್ಧಿಗೆಂದು 25,000 ರೂಪಾಯಿ ಕೊಡುವಂತೆ ಆ ಮನೆಯವರನ್ನು ಕೇಳಲಾಯಿತು. ಸುದ್ದಿ ಹಬ್ಬಿದ ಮೇಲೆ ಐವರ ಬಂಧನವಾಯಿತು. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರಿಗೆ ಕ್ಷೌರದಂಗಡಿ, ಹೋಟೆಲುಗಳ ಪ್ರವೇಶ ನಿರಾಕರಿಸಿದುದರ ಹಿನ್ನೆಲೆಯಲ್ಲಿ 2014ರ ಆಗಸ್ಟಿನಲ್ಲಿ ಅವರ ಕೇರಿಯ ಮೇಲೆ ದಾಳಿ ನಡೆದು ಗುಡಿಸಲುಗಳು ಉರಿದವು. ಹತ್ತು ವರ್ಷಗಳ ವಿಚಾರಣೆಯ ಬಳಿಕ, 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯವು 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮೇಲ್ಮನವಿ ಉಚ್ಚ ನ್ಯಾಯಾಲಯಕ್ಕೆ ಹೋಗಿ ಬಹುಮಂದಿಗೆ ಜಾಮೀನೂ ದೊರೆಯಿತು. ಚಹಾದ ಕಪ್ಪಿಗಾಗಿ, ಕುಳಿತುಕೊಳ್ಳುವ ಬೆಂಚಿಗಾಗಿ ಇಷ್ಟು ದೂರ ನಡೆಯಬೇಕಾದ ಜನರಿಗೆ ಊರ ನಡುವಿನ ಬಯಲು ಇನ್ನೂ ಪೂರ್ತಿಯಾಗಿ ತಮ್ಮದಾಗಿಲ್ಲ.

ಬಸವೇಶ್ವರ, ವಾಲ್ಮೀಕಿ, ಕನಕದಾಸ, ಅಂಬೇಡ್ಕರ್ ಮೊದಲಾದವರ ಹೆಸರುಗಳು ಇಂದು ವೃತ್ತಗಳನ್ನು ಅಲಂಕರಿಸುತ್ತಿರುವುದರ ಅರ್ಥವನ್ನು ಇಲ್ಲಿಯೇ ಹುಡುಕಬೇಕು. ‘ನಾವೂ ಈ ಊರಿನವರು’ ಎಂದು ಒಂದೊಂದು ಸಮುದಾಯವೂ ಎಲ್ಲರ ಕಣ್ಣಿಗೆ ಬೀಳುವಂತೆ ಹೇಳುವ ಮಾತು ಅದು. ಆದರೆ ವೃತ್ತದ ಹೆಸರು ಬರೆದುದು ಕಲ್ಲಿನ ಮೇಲೆ. ಅದನ್ನು ನಡೆಸಬೇಕಾದುದು ನೆಲದ ಮೇಲೆ.

ಕೊಪ್ಪಳದ ಬೆಟ್ಟದ ಬಂಡೆಯಲ್ಲಿ ಅಶೋಕನು ಬರೆಯಿಸಿದ ಮಾತಿನ ಸಾರವೇನು? ಧರ್ಮದ ಫಲವು ದೊಡ್ಡವರಿಗೆ ಮಾತ್ರ ದೊರೆಯುವುದಲ್ಲ, ಪ್ರಯತ್ನಿಸಿದರೆ ಸಣ್ಣವನಿಗೂ ದಕ್ಕುತ್ತದೆ ಎಂಬುದು. ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಆ ಮಾತು ಬೆಟ್ಟವನ್ನು ಹತ್ತಿ ಕುಳಿತಿದೆ. ಕೆಳಗಿನ ವೃತ್ತಕ್ಕೆ ಅಶೋಕನ ಹೆಸರು ಇಳಿದು ಬಂದುದಾಯಿತು; ಮಾತು ಇಳಿದು ಬರುವುದು ಬಾಕಿಯಿದೆ. ಮಿಯಾಪುರದ ಆ ಮಗು ಬೆಳೆದು, ತನ್ನೂರಿನ ಗುಡಿಯ ಕಟ್ಟೆಯ ಮೇಲೆ ಅಳುಕಿಲ್ಲದೆ ಕುಳಿತ ದಿನ ಈ ನಾಡಿನ ಕನ್ನಡಿ ತಿಳಿಯಾಯಿತೆಂದು ಹೇಳಬಹುದು.