ಚಿತ್ರೋತ್ಸವದ ಮುಕ್ತಾಯವೂ ನಮ್ಮ ಕರ್ತವ್ಯವೂ

ಸಾಕ್ಷ್ಯಚಿತ್ರ, ಕಿರುಚಿತ್ರ ಹಾಗೂ ಅನಿಮೇಶನ್ ಚಿತ್ರಗಳಿಗಾಗಿ ಮುಂಬಯಿಯಲ್ಲಿ 1990ರಿಂದ ಎರಡು ವರ್ಷಕ್ಕೊಮ್ಮೆ ನಡೆದು ಬಂದಿರುವ ಅಂತಾರಾಷ್ಟ್ರೀಯ ಉತ್ಸವದ 18ನೆಯ ಸಮಾರಂಭವು 2024ರ ಜೂನ್ 15ರಂದು ಆರಂಭವಾಗಿ, 21ನೆಯ ತಾರೀಖು ಶುಕ್ರವಾರದಂದು ಮುಕ್ತಾಯವಾಯಿತು. ಕೊನೆಯ ದಿನವೆಂದರೆ ಬಹುಮಾನಗಳ ದಿನ. ಬಂಗಾಳದ ಸೆಣಬಿನ ಗಿರಣಿಗಳಲ್ಲಿ ದುಡಿಯುವ ಕಾರ್ಮಿಕರನ್ನು ಕುರಿತು ನಿಷ್ಠಾ ಜೈನ್ ಅವರು ನಿರ್ಮಿಸಿದ 'ದಿ ಗೋಲ್ಡನ್ ಥ್ರೆಡ್' ಎಂಬ ಸಾಕ್ಷ್ಯಚಿತ್ರಕ್ಕೆ ಸುವರ್ಣ ಶಂಖವೂ 10 ಲಕ್ಷ ರೂಪಾಯಿಗಳೂ ಲಭಿಸಿದವು. ಅಂತಾರಾಷ್ಟ್ರೀಯ ವಿಭಾಗದ ಶ್ರೇಷ್ಠ ಅನಿಮೇಶನ್ ಚಿತ್ರಕ್ಕೆ ಮೀಸಲಾದ ರಜತ ಶಂಖವು ಪೋಲೆಂಡ್ ದೇಶದ 'ಜಿಮಾ' ಎಂಬ ಚಿತ್ರಕ್ಕೆ ಸಂದಿತು. ಮೀನುಗಾರರ ಹಳ್ಳಿಯೊಂದರ ಹುಡುಗಿಯ ಕಥೆ ಅದು. ಕಡಲ ಕರೆಯಿಂದ ಬಂದ ನಮ್ಮವರು ನೋಡಿದ್ದರೆ ಮೆಚ್ಚುತ್ತಿದ್ದರೆಂಬುದರಲ್ಲಿ ಸಂಶಯವಿಲ್ಲ.

ಆದರೆ ನೋಡಿದವರು ಎಷ್ಟು ಮಂದಿ? "ಶಂಖ ಯಾರಿಗೆ ಬಂದರೇನು, ನಮ್ಮ ಪಾಳಿ ತಪ್ಪುತ್ತದೆಯೇ?" ಎಂದು ವಾಚಕ ಬಂಧುಗಳು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ಉತ್ತರಿಸುವ ಮುನ್ನ ಈ ಕೆಲಸವೆಂಥದೆಂಬುದನ್ನು ತಿಳಿಯಬೇಕು.

ನಾವು ಕಾರ್ಟೂನೆಂದು ಕರೆಯುವ ಈ ಚಿತ್ರಗಳು ಮಕ್ಕಳ ಆಟವೆಂಬ ಭಾವನೆ ಬಹುಮಂದಿಯಲ್ಲಿದೆ. ತೆರೆಯ ಮೇಲೆ ಸೆಕೆಂಡಿಗೆ 24 ಚೌಕಟ್ಟುಗಳು ಸರಿಯುತ್ತವೆ. ಒಂದೊಂದು ಚಿತ್ರವನ್ನು ಎರಡೆರಡು ಚೌಕಟ್ಟಿಗೆ ನಿಲ್ಲಿಸಿದರೂ ಸೆಕೆಂಡಿಗೆ 12 ಚಿತ್ರಗಳು ಬೇಕು, ನಿಮಿಷಕ್ಕೆ 720, ಹತ್ತು ನಿಮಿಷಕ್ಕೆ 7,200. ಗೊಂಬೆಯು ಕೈಯೆತ್ತಿ ನಮಸ್ಕರಿಸುವ ಒಂದು ಕ್ಷಣಕ್ಕಾಗಿ ಒಬ್ಬಾತನು ಇಡೀ ದಿನ ಮೇಜಿನ ಮುಂದೆ ಬೆನ್ನು ಬಾಗಿಸಬೇಕಾಗುತ್ತದೆ. ಈಗ ಗಣಕಯಂತ್ರವು ಬಣ್ಣ ತುಂಬುವ ಶ್ರಮವನ್ನು ತಗ್ಗಿಸಿದೆ. ಆದರೂ ನಡಿಗೆಯನ್ನೂ ನೋಟವನ್ನೂ ಯೋಚಿಸಿ ಮೂಡಿಸುವ ತಾಳ್ಮೆ ಇಂದಿಗೂ ಮನುಷ್ಯನದೇ. ಬೆಳಗಿನ ನಾಲ್ಕಕ್ಕೆದ್ದು ಹಿಟ್ಟು ರುಬ್ಬಿದವರಿಗೂ, ಲೆಕ್ಕದ ಪುಸ್ತಕದಲ್ಲಿ ಪೈಸೆ ತಪ್ಪದಂತೆ ಬರೆದವರಿಗೂ ಇಂಥ ದುಡಿಮೆಯ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಸಂಗತಿ. ಭಾರತದಲ್ಲಿ ಈ ವಿದ್ಯೆಯು ಕ್ರಮವಾಗಿ ನೆಲೆಯೂರಿದುದು ನಾವು ಅನ್ನ ಹುಡುಕಿ ಬಂದ ಈ ಊರಿನಲ್ಲಿಯೇ. 1948ರಲ್ಲಿ ಸ್ಥಾಪಿತವಾದ ಫಿಲ್ಮ್ಸ್ ಡಿವಿಜನ್ ಸಂಸ್ಥೆಯು 1956ರಲ್ಲಿ ಇಲ್ಲಿ ಕಾರ್ಟೂನು ವಿಭಾಗವನ್ನು ತೆರೆಯಿತು. ಡಿಸ್ನಿ ಸಂಸ್ಥೆಯಲ್ಲಿ ಪಳಗಿದ ಕ್ಲೇರ್ ವೀಕ್ಸ್ ಅವರು ಬಂದು ನಮ್ಮ ತರುಣರಿಗೆ ಪಾಠ ಹೇಳಿದರು. ಜಾತಕ ಕಥೆಯನ್ನಾಧರಿಸಿದ 'ದಿ ಬನ್ಯನ್ ಡಿಯರ್' 1957ರಲ್ಲಿ ಸಿದ್ಧವಾಯಿತು. ಆ ತರುಣರಲ್ಲೊಬ್ಬರಾದ ರಾಮ್ ಮೋಹನ್ ಅವರು ಮುಂದೆ ಜಪಾನೀಯರೊಡನೆ ಸೇರಿ ರಾಮಾಯಣವನ್ನು ಅನಿಮೇಶನ್ ಚಿತ್ರವಾಗಿಸಿದರು. 2014ರಲ್ಲಿ ಪದ್ಮಶ್ರೀ ಪಡೆದು, 2019ರಲ್ಲಿ ತೀರಿಕೊಂಡರು.

ಆ ಕಾಲದಲ್ಲಿ ಈ ಚಿತ್ರಗಳು ತಾವಾಗಿಯೇ ನಮ್ಮ ಬಳಿಗೆ ಬರುತ್ತಿದ್ದವು. ಟಾಕೀಸುಗಳಲ್ಲಿ ಮುಖ್ಯ ಚಿತ್ರಕ್ಕೆ ಮುನ್ನ ಫಿಲ್ಮ್ಸ್ ಡಿವಿಜನ್ನಿನ ಚಿತ್ರವೊಂದನ್ನು ತೋರಿಸುವುದು ಕಡ್ಡಾಯವಾಗಿತ್ತು. ವಾರದ ರಜೆಯಲ್ಲಿ ಅಗ್ಗದ ಟಿಕೇಟು ಕೊಂಡು ಕುಳಿತ ಮಾಣಿಗೂ ಅದು ದೊರೆಯುತ್ತಿತ್ತು. ಊರಿನ ಟಾಕೀಸಿನಲ್ಲಾದರೆ ಕನ್ನಡದ ವಿವರಣೆಯೊಡನೆ ದೊರೆಯುತ್ತಿತ್ತು. ಆ ಪದ್ಧತಿ ಅಳಿದುಹೋಯಿತು. 2022ರಲ್ಲಿ ಫಿಲ್ಮ್ಸ್ ಡಿವಿಜನ್ನೇ ರಾಷ್ಟ್ರೀಯ ಚಲಚ್ಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನವಾಯಿತು. ಈಗ ಇಂಥ ಚಿತ್ರಗಳು ಉತ್ಸವದ ಏಳು ದಿನ ಮಿಂಚಿ, ಕೊನೆಯ ದಿನದ ಚಪ್ಪಾಳೆಯೊಡನೆ ನಮ್ಮ ಪಾಲಿಗೆ ಮರೆಯಾಗುತ್ತವೆ.

ಕನ್ನಡಿಗರ ಮಟ್ಟಿಗಂತೂ ಮರೆಯು ಇನ್ನೂ ದಟ್ಟವಾಗಿದೆ. 2024ರ ಉತ್ಸವವನ್ನು ಮುಂಬಯಿಯ ಹೊರಗೂ ಒಯ್ದುದು ಅಭಿನಂದನೀಯವೇ. ಆದರೆ ದಿಲ್ಲಿ, ಕಲಕತ್ತೆ, ಮದರಾಸು, ಪುಣೆಗಳಿಗೆ ಹೋದುದು ಬೆಂಗಳೂರಿಗೆ ಹೋಗಲಿಲ್ಲ. ಮೇಲೆ ಹೇಳಿದ ರಾಮಾಯಣವು 2025ರ ಜನವರಿಯಲ್ಲಿ ಪುನಃ ಚಿತ್ರಮಂದಿರಗಳಿಗೆ ಬಂದಾಗ ಇಂಗ್ಲಿಷ್, ಹಿಂದಿ, ತಮಿಳು, ತೆಲುಗುಗಳಲ್ಲಿ ಮಾತಾಡಿತು, ಕನ್ನಡದಲ್ಲಿ ಮಾತಾಡಲಿಲ್ಲ. ನಮ್ಮ ಮನೆಮನೆಯ ಗೋವಿನ ಕಥೆಯನ್ನು ಬೆಂಗಳೂರಿನ ವಿ. ರವಿಶಂಕರ ಅವರು ಜನರಿಂದ ಹಣ ಕೂಡಿಸಿ 'ಪುಣ್ಯಕೋಟಿ' ಎಂಬ ಅನಿಮೇಶನ್ ಚಿತ್ರವನ್ನಾಗಿ ಮಾಡಿದರು. ಅದು ಸಂಸ್ಕೃತ ಚಿತ್ರ. ಅವರ ಸಾಹಸಕ್ಕೆ ನಮ್ಮ ನಮಸ್ಕಾರ. ಆದರೂ ಪುಣ್ಯಕೋಟಿಯ ಕಥೆಯನ್ನು ನಮ್ಮ ಕೂಸುಗಳು ಅನ್ಯಭಾಷೆಯಲ್ಲಿ ಕೇಳಬೇಕಾದರೆ, ಬೇಡಿಕೆ ಸಲ್ಲಿಸದ ನಮ್ಮ ಸಮಾಜದ ಹೊಣೆಯೂ ಅದರಲ್ಲಿದೆಯೆಂದು ಹೇಳದೆ ನಿರ್ವಾಹವಿಲ್ಲ.

ಕೇಳದವರಿಗೆ ಯಾರೂ ಬಡಿಸುವುದಿಲ್ಲ. ಮಾಟುಂಗದ ಮೈಸೂರು ಅಸೋಸಿಯೇಶನ್ನಿಗೂ, ಮಾಹಿಮಿನ ಕರ್ನಾಟಕ ಸಂಘಕ್ಕೂ ಸ್ವಂತ ಕಟ್ಟಡಗಳಿವೆ. ಉಪನಗರಗಳಲ್ಲಿ ಹತ್ತಾರು ಸಂಘಗಳಿವೆ. ಅವುಗಳಿಗೆ ಉತ್ಸಾಹಿ ಕಾರ್ಯದರ್ಶಿಗಳೂ ಇದ್ದಾರೆ. ಮುಂದಿನ ಉತ್ಸವದ ಅಧಿಕಾರಿಗಳಿಗೆ ಇವರೆಲ್ಲ ಒಂದಾಗಿ ಪತ್ರ ಬರೆಯಲಿ. ಪ್ರಶಸ್ತಿ ಪಡೆದ ನಾಲ್ಕಾರು ಕಿರುಚಿತ್ರಗಳನ್ನು ಮುಕ್ತಾಯದ ಮರುವಾರ ತಮ್ಮ ಸಭಾಗೃಹದಲ್ಲಿ, ಹೋಟೆಲು ನೌಕರರಿಗೆ ಬಿಡುವಾಗುವ ಮಧ್ಯಾಹ್ನದ ಮೂರು ಗಂಟೆಗೆ, ತೋರಿಸಲು ಅನುಮತಿ ಕೇಳಲಿ. ಕನ್ನಡದಲ್ಲಿ ನಾಲ್ಕು ಮಾತು ವಿವರಿಸಬಲ್ಲ ಉಪಾಧ್ಯಾಯರು ನಮ್ಮಲ್ಲಿ ದುರ್ಲಭರಲ್ಲ.

ಇದರಿಂದ ಲಾಭವೇನೆಂದು ಕೇಳುವವರಿಗೆ ಒಂದೇ ಮಾತು. ಮಗನು ಪಾಠದ ಪುಸ್ತಕದ ಅಂಚಿನಲ್ಲಿ ಆನೆ ಕುದುರೆಗಳನ್ನು ಗೀಚಿದರೆ ನಾವು ಗದರಿಸುತ್ತೇವೆ. ಅದೇ ಗೀಚಿನಿಂದ ಸಂಸಾರ ಸಾಗಿಸುವ ನೂರಾರು ಮಂದಿ ಈ ಮುಂಬಯಿಯಲ್ಲಿದ್ದಾರೆ. ಅದನ್ನು ಕಲಿಸುವ ವಿಭಾಗವು ಪೊವಾಯಿಯ ಐಐಟಿಯಲ್ಲಿಯೇ ಇದೆ. ಗದರಿಸುವ ಮೊದಲು ಆ ಮಗುವನ್ನು ಒಮ್ಮೆ ಇಂಥ ಚಿತ್ರಕ್ಕೆ ಕರೆದೊಯ್ಯಿರೆಂದು ಬಂಧುಗಳಲ್ಲಿ ನಮ್ಮ ವಿನಂತಿ.